ಎಡವನ್ನು ಬಲದ ಮೇಲೆ

ಎಡಿನ್‌ಬರೋ, ಮೂರನೇ ಮಹಡಿ.
ಉತ್ತರಕ್ಕೆ ತೆರೆದ ಕಿಟಕಿಯ ಕೆಳಗೆ
ನಾನು ಮೊಳೆ ಜೋಡಿಸುತ್ತಿದ್ದೆ.
ಹಸ್ತಪ್ರತಿ ಯಾರೋ ನಿವೃತ್ತ ಮೇಜರನದು, ನೇರಳೆ ಶಾಯಿ,
ಅಲ್ಲಲ್ಲಿ ಟೀ ಬಟ್ಟಲಿನ ಉಂಗುರ.
ಹುಡುಗರಿಗೊಂದು ಕೈಪಿಡಿ:
ದಿಕ್ಸೂಚಿ ಇಲ್ಲದೆ ಉತ್ತರ ಹುಡುಕುವುದು ಹೇಗೆ,
ಒದ್ದೆ ಕಟ್ಟಿಗೆಗೆ ಬೆಂಕಿ ಹಿಡಿಸುವುದು ಹೇಗೆ,
ಕಷ್ಟ ಬಂದಾಗ ಶಿಳ್ಳೆ ಹಾಕುವುದು ಹೇಗೆ.

ಉತ್ತರ ನನಗೆ ಗೊತ್ತಿತ್ತು: ಕಿಟಕಿ.
ಶಿಳ್ಳೆ ಹಾಕಿದರೆ ಮೇಸ್ತ್ರಿ ಪಿರಿ
ಕೂಲಿಯಲ್ಲಿ ಅರ್ಧ ಪೆನ್ನಿ ಹಿಡಿಯುತ್ತಿದ್ದರು.

ಮೊಳೆಗಳ ಲೋಕದಲ್ಲಿ ಎಲ್ಲ ತಲೆಕೆಳಗು.
ಹನ್ನೊಂದು ವರ್ಷ ಹಾಗೆ ಓದಿ ಓದಿ
ಬೀದಿಯ ಅಂಗಡಿ ಫಲಕಗಳೇ ನನಗೆ
ತಿರುಗುಮುರುಗಾಗಿ ಕಾಣುತ್ತಿದ್ದವು.
ನಾವು ಅಕ್ಷರ ಓದುವವರು. ಅರ್ಥ ಓದಿದರೆ ದಿನಕ್ಕೆ ಮೂರು ಪುಟವೂ ಸಾಗದು.

ಗಂಟುಗಳ ಪುಟ ಬಂದದ್ದು ನವೆಂಬರಿನ ಮಬ್ಬಿನಲ್ಲಿ,
ಮೂರು ಗಂಟೆಗೇ ಗ್ಯಾಸ್ ದೀಪ.
ಮುಗಿಸಿ, ರೂಢಿಯಂತೆ ಸುತ್ತ ದಾರ ಬಿಗಿದು
ತುದಿಯನ್ನು ಮೂಲೆಯಲ್ಲಿ ಒಳಕ್ಕೆ ತುರುಕಿದೆ.
ಆ ದಾರಕ್ಕೆ ಯಾವತ್ತೂ ಗಂಟು ಹಾಕುವುದಿಲ್ಲ.
ಹನ್ನೆರಡು ಗಂಟು ಕಲಿಸುವ ಪುಟವೂ
ನಿಂತದ್ದು ಬರೀ ಬಿಗಿತದಿಂದ.

ಎರಡು ವಾರ ಕಳೆದು,
ಐದು ಸಾವಿರ ಹಾಳೆ ಅಚ್ಚಾಗಿ ಒಣಗಿದ ಮೇಲೆ,
ಒಂದು ರಾತ್ರಿ ತಮಾಷೆಗೆ
ಏಪ್ರನ್ನಿನ ಲಾಡಿ ಹಿಡಿದು, ಪುಟ ನೆನೆಯುತ್ತ ಕಟ್ಟಿದೆ:
ಎಡವನ್ನು ಬಲದ ಮೇಲೆ,
ಮತ್ತೆ ಎಡವನ್ನು ಬಲದ ಮೇಲೆ.
ಎಳೆದೆ. ಜಾರಿತು.
ಅಕ್ಕ ಗ್ರಿಝೆಲ್ ಓಟ್ಸ್ ಗಂಜಿ ಕದಡುತ್ತ ನಕ್ಕಳು:
"ಬೆಸ್ತನ ಮಗಳಿಗೆ ಗಂಟು ಬಾರದೇನೆ!"

ಎರಡನೆಯ ಸಲ ಬಲವನ್ನು ಎಡದ ಮೇಲೆ ತರಬೇಕಿತ್ತು.
ಮೇಜರ್ ಸರಿಯಾಗಿಯೇ ಬರೆದಿದ್ದ.
ಜಾರಿದ್ದು ನನ್ನ ಕಣ್ಣು.

ಮರುದಿನ ನನ್ನ ಪಾಲಿಗೆ ಬಂದದ್ದು ನಡತೆಯ ಅಧ್ಯಾಯ.
"ತಪ್ಪು ಮಾಡಿದ ಹುಡುಗ ತಾನಾಗಿ ಮುಂದೆ ಬಂದು ಒಪ್ಪಿಕೊಳ್ಳುತ್ತಾನೆ."
ಒಂದೊಂದೇ ಮೊಳೆ ಹೆಕ್ಕಿ ಆ ಸಾಲು ಕೂರಿಸಿದೆ.
ಒಂದೂ ತಪ್ಪಿಲ್ಲ.
ಹುಡುಗಿಯ ವಿಚಾರ ಮೇಜರ್ ಎತ್ತಿರಲಿಲ್ಲ.

ಕೆಳಮಹಡಿಯ ಗಂಡಸರು ಆ ವಾರವೇ ಅರ್ಜಿಗೆ ಸಹಿ ಹಾಕಿದ್ದರು:
ಇನ್ನು ಹೆಂಗಸರನ್ನು ಸೇರಿಸಬಾರದು, ಅವರಿಗೆ ಗಮನ ಸಾಲದು.
ಅವರ ಕೂಲಿಯ ಅರ್ಧಕ್ಕೆ ನಾವು ದುಡಿಯುತ್ತಿದ್ದದ್ದು
ಅರ್ಜಿಯಲ್ಲಿ ಎಲ್ಲೂ ಇರಲಿಲ್ಲ.
ನಾನು ಬಾಯಿಬಿಟ್ಟರೆ ತಪ್ಪು ನನ್ನೊಬ್ಬಳದಾಗಿ ಉಳಿಯದು,
ಹದಿನಾಲ್ಕು ಜನರ ಹೆಸರಿಗೆ ಮಸಿ.
ಹೀಗಂದುಕೊಂಡೆ. ಅದು ಅರ್ಧ ನಿಜ.
ಇನ್ನರ್ಧ ಬರೀ ಹೆದರಿಕೆ.

ಮೇ ತಿಂಗಳು, ಪೆಂಟ್‌ಲಂಡ್ ಗುಡ್ಡ, ಶನಿವಾರ ಮಧ್ಯಾಹ್ನ.
ಅಗಲ ಟೋಪಿಯ ಏಳೆಂಟು ಹುಡುಗರು, ಮಂಡಿ ತರಚಿಕೊಂಡವರು,
ಸಾಲಾಗಿ ಹತ್ತುತ್ತಿದ್ದರು.
ಕೊನೆಯವನ ಹೊರೆ ಬಿಚ್ಚಿತು.
ಕೆಟಲು ಗಣಗಣ ಉರುಳಿ
ಕುರಿಗಳ ನಡುವೆ ಹೋಗಿ ನಿಂತಿತು.
ಅವನು ಶಿಳ್ಳೆ ಹಾಕಲಿಲ್ಲ.
ಅಳು ನುಂಗಿ, ಜೇಬಿನಿಂದ ಪುಸ್ತಕ ತೆಗೆದು,
ಬೆರಳಿಟ್ಟು ಓದಿ, ಕಟ್ಟಿದ.
ಜಾರಿತು.
ಮತ್ತೆ ಓದಿದ. ತಪ್ಪು ತನ್ನದೇ ಎಂದು ನಂಬಿದವನ ಹಾಗೆ
ಇನ್ನೂ ನಿಧಾನವಾಗಿ.

ನಾನು ಹಗ್ಗ ತೆಗೆದುಕೊಂಡು
ಅಪ್ಪ ದೋಣಿಯಲ್ಲಿ ಕಲಿಸಿದ ಹಾಗೆ ಕಟ್ಟಿ ತೋರಿಸಿದೆ.
"ಪುಸ್ತಕದಲ್ಲಿ ಹಾಗಿಲ್ಲ."
"ಪುಸ್ತಕ ತಪ್ಪು."
"ನಿಮಗೆ ಹೇಗೆ ಗೊತ್ತು?"
ಹತ್ತು ವರ್ಷವಿರಬಹುದು ಅವನಿಗೆ, ಮುಂದಿನ ಹಲ್ಲೊಂದು ಮುರಿದಿತ್ತು.
ಸೀಸ ಕುಡಿದು ಕಪ್ಪಾದ ಬೆರಳ ತುದಿ ಚಾಚಿದೆ.
ಹೇಳಿದೆ.

ಅವನು ಸಿಟ್ಟಾಗಲಿಲ್ಲ. ಕ್ಷಮಿಸಲೂ ಇಲ್ಲ.
ಟೋಪಿಯ ಪಟ್ಟಿಯಿಂದ ಪೆನ್ಸಿಲ್ ಎಳೆದು, ನಾಲಿಗೆಗೆ ತಾಗಿಸಿ,
ಪುಟದ ಅಂಚಿನಲ್ಲಿ ತಿದ್ದಿ ಬರೆದ,
ನಡುವೆ ಒಂದಕ್ಷರ ನುಂಗಿ.
ನನ್ನ ಬೆರಳು ತುರಿಸಿದವು.
ಕೈಗಳನ್ನು ಜೇಬಿಗೆ ತುರುಕಿಕೊಂಡು
ಕೆಟಲು ತರಲು
ಕುರಿಗಳತ್ತ ಇಳಿದೆ.